ಮೆಥೋಡಿಸ್ಟ್ ಪಾದ್ರಿಗಳ ಸ್ಮರಣೆ ಕೂಟದಲ್ಲಿ ಏನು ಮಾತಾಡಲಿ?

ನಿಮ್ಮ ಪಾದ್ರಿಗಳು ತೀರಿಹೋದ ವಿಷಯ ಓದಿ ಬೇಜಾರಾಯಿತು. ಸ್ಮರಣೆ ಕೂಟದಲ್ಲಿ ಸಭೆಯ ಪರವಾಗಿ ಹತ್ತು ನಿಮಿಷ ಮಾತಾಡಬೇಕು, ಆದರೆ ಅವರು ನಮ್ಮ ಊರಲ್ಲಿದ್ದದ್ದು ಐದೇ ವರ್ಷ, ಪೂರ್ತಿ ಜೀವನ ನನಗೆ ಗೊತ್ತಿಲ್ಲ, ಏನು ಹೇಳಲಿ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದವಳು. ಕೆಲವು ವರ್ಷದ ಹಿಂದೆ ನಾನೂ ಇದೇ ಚಿಂತೆಯಲ್ಲಿ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಪೂರ್ತಿ ಗೊತ್ತಿಲ್ಲ ಅನ್ನೋದು ನಿಮ್ಮ ತಪ್ಪಲ್ಲ. ಮೆಥೋಡಿಸ್ಟ್ ಪಾದ್ರಿಗಳ ಬದುಕೇ ಹಾಗೆ. ಮೆಥೋಡಿಸ್ಟ್ ಪಂಥ ಶುರು ಮಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿಯವರು 18ನೇ ಶತಮಾನದಲ್ಲಿ ಕುದುರೆ ಹತ್ತಿ ಊರೂರು ಸುತ್ತಿದವರು. ತಮ್ಮ ಬೋಧಕರೂ ಒಂದೇ ಕಡೆ ತಳವೂರಬಾರದು ಅಂತ ಕಟ್ಟಳೆ ಮಾಡಿದರು. ಇವತ್ತಿಗೂ ಪಾದ್ರಿಗಳೆಲ್ಲ ಸೇರುವ ವಾರ್ಷಿಕ ಕಾನ್ಫರೆನ್ಸ್ ಮುಗಿಯುವಾಗ ಬಿಷಪ್ ಯಾರು ಯಾವ ಊರಿಗೆ ಅಂತ ಪಟ್ಟಿ ಓದುತ್ತಾರೆ. ಹೆಸರು ಬಂದರೆ ಮುಗಿಯಿತು. ಮಕ್ಕಳ ಟಿ.ಸಿ. ತಗೋಬೇಕು, ಪಾತ್ರೆ ಪಗಡ ಲಾರಿಗೆ ಹಾಕಬೇಕು, ಹಿತ್ತಲಲ್ಲಿ ನೆಟ್ಟ ಕರಿಬೇವಿನ ಗಿಡ ಅಲ್ಲೇ ಬಿಡಬೇಕು. ಹಾಗಾಗಿ ಒಂದೊಂದು ಊರಿನ ಕೈಗೆ ಅವರ ಬದುಕಿನ ಒಂದೊಂದು ತುಂಡು ಮಾತ್ರ ಸಿಗುತ್ತದೆ, ಅಷ್ಟೇ.

ನಾನು ಮಾತಾಡಬೇಕಾಗಿದ್ದ ಪಾದ್ರಿಗಳು, ನಮ್ಮ ಅಯ್ಯನವರ ವಿಷಯದಲ್ಲಿ ನಮಗೆ ಸಿಕ್ಕಿದ್ದು ಕೊನೆಯ ತುಂಡು. ಅವರು ಬೀದರ್ ಕಡೆಯವರು. ಬೀದರ್, ಕಲಬುರಗಿ, ಕೋಲಾರ ಅಂತ ಸೇವೆ ಮಾಡಿ ನಿವೃತ್ತರಾದ ಮೇಲೆ ಮಗಳ ಮನೆಗೆ ಅಂತ ಶಿವಮೊಗ್ಗಕ್ಕೆ ಬಂದರು. ಹೆಂಡತಿ ಆಗಲೇ ತೀರಿಹೋಗಿದ್ದರು. ಮೊದಲ ಭಾನುವಾರ ನಮ್ಮ ಚರ್ಚಿನ ಕೊನೇ ಬೆಂಚಿನಲ್ಲಿ ನೆಂಟರ ಮನೆಗೆ ಬಂದವರ ಹಾಗೆ ಮುದುಡಿಕೊಂಡು ಕೂತಿದ್ದರು. ಆರಾಧನೆ ಮುಗಿದ ಮೇಲೆ ನನ್ನ ಅಜ್ಜಿ ಕೋಲೂರಿಕೊಂಡು ಅವರ ಹತ್ತಿರ ಹೋಗಿ, "ನೀವು ಹೊರಗಿನವರಲ್ಲ ಅಯ್ಯನವರೇ, ನಮ್ಮದೂ ವೆಸ್ಲಿಯನ್ ಮಿಷನ್ನೇ" ಅಂದರು. ಅಜ್ಜಿ ಹೇಳಿದ್ದು ನಿಜ. ಹಳೇ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ್ದು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್. ಆ ಸಭೆಗಳೆಲ್ಲ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ ಮತ್ತು ಇತರ ಸಭೆಗಳ ಜೊತೆ ಸೇರಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆದವು. ಬೀದರ್, ಕಲಬುರಗಿ, ಕೋಲಾರದ ಮೆಥೋಡಿಸ್ಟರ ಬೇರೂ ವೆಸ್ಲಿಯವರೇ, ಆದರೆ ಅವರು ಅಮೆರಿಕದ ಮಿಷನ್ನಿನಿಂದ ಬಂದವರು. ಅವರು ಸೇರಲಿಲ್ಲ, ಬೇರೆಯಾಗೇ ಉಳಿದರು. 1981ರಲ್ಲಿ ಅವರ ಸಭೆ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಆಯಿತು. (ನೀವು ಮಾತಾಡುವಾಗ ಇದನ್ನು ಸರಿಯಾಗಿ ಹೇಳಿ. ಮಲೆನಾಡಿನ ಕಡೆ ತುಂಬ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.) ಅಜ್ಜಿ ಮಾತು ಕೇಳಿ ಅಯ್ಯನವರ ಕಣ್ಣು ತುಂಬಿತು. ಮುಂದಿನ ವಾರದಿಂದ ಅವರು ಎರಡನೇ ಬೆಂಚು.

ನಿವೃತ್ತರಾದವರು ಸುಮ್ನೆ ಕೂರಬಹುದಿತ್ತು. ಅವರು ಕೂರಲಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಮೆಗ್ಗಾನ್ ಆಸ್ಪತ್ರೆಗೆ ಹೋಗುತ್ತಿದ್ದರು. ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿ ಎಲ್ಲ ಕಡೆಯಿಂದ ಕಾಯಿಲೆಯವರು ಬರುವ ಜಾಗ ಅದು. ಜೊತೆಗೆ ಯಾರೂ ಇಲ್ಲದೆ ಮಲಗಿದವರು ಇದ್ದೇ ಇರುತ್ತಾರೆ. ಅಯ್ಯನವರ ಜುಬ್ಬದ ಜೇಬಲ್ಲಿ ಒಂದು ನೇಲ್ ಕಟರ್ ಇರುತ್ತಿತ್ತು. ಸಣ್ಣ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ. ಯಾವ ಜಾತಿ, ಯಾವ ಧರ್ಮ ಅಂತ ಕೇಳುತ್ತಿರಲಿಲ್ಲ. ಉಗುರು ಬೆಳೆದಿದ್ದರೆ ಕತ್ತರಿಸಿ, ಕಾಲಿಗೆ ಎಣ್ಣೆ ಹಚ್ಚಿ, ಹೆಸರು ಕೇಳಿಕೊಂಡು ಬರುತ್ತಿದ್ದರು.

ಇದು ನನಗೆ ಗೊತ್ತಾಗಿದ್ದು ನಮ್ಮ ಮನೆಯಲ್ಲೇ. ಅಪ್ಪ ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ನೋಡಲು ಬಂದವರೆಲ್ಲ ನಮ್ಮ ಹತ್ತಿರ ಮಾತಾಡುತ್ತಿದ್ದರೇ ಹೊರತು ಅಪ್ಪನ ಹತ್ತಿರ ಯಾರೂ ಮಾತಾಡುತ್ತಿರಲಿಲ್ಲ. ಅಯ್ಯನವರು ಬಂದವರೇ ಒಂದು ಬೋಗುಣಿಯಲ್ಲಿ ಬಿಸಿನೀರು ಕೇಳಿದರು. ಅಪ್ಪನ ಬಲಗೈ ಎತ್ತಿ ಅದರಲ್ಲಿ ನೆನೆಸಿದರು. ಮುಷ್ಟಿ ಬಿಗಿದುಕೊಂಡು ಉಗುರು ಅಂಗೈಗೆ ಚುಚ್ಚಿ ಕೆಂಪಾಗಿತ್ತು. ನಮ್ಮಲ್ಲಿ ಯಾರೂ ಅದನ್ನು ನೋಡಿಯೇ ಇರಲಿಲ್ಲ. ಒಂದೊಂದೇ ಬೆರಳು ಬಿಡಿಸಿ ಉಗುರು ಕತ್ತರಿಸುತ್ತಾ, "ಯಜಮಾನ್ರ, ನಾವು ಜೋಳದ ಸೀಮ್ಯಾಗಿನವರು. ಅಡಿಕಿ ವ್ಯವಹಾರ ತಿಳಿಯಂಗಿಲ್ಲ. ಈ ಗೊರಬಲು ಅಂದ್ರ ಸರಕಿಗಿಂತ ತುಟ್ಟಿ ಏನ್ರಿ?" ಅಂದರು.

ಇವೆಲ್ಲ ಅಡಿಕೆಯ ದರ್ಜೆಗಳು, ಅಡಿಕೆ ಬಲ್ಲವರಿಗೆ ಗೊತ್ತು. ಸರಕು ಎಲ್ಲಕ್ಕಿಂತ ದುಬಾರಿ, ಆಮೇಲೆ ಬೆಟ್ಟೆ, ರಾಶಿ, ಕೊನೆಗೆ ಗೊರಬಲು. ಈ ತಪ್ಪನ್ನು ಅಪ್ಪನಿಗೆ ಸಹಿಸಲು ಆಗಲಿಲ್ಲ. ತಲೆ ಅಲ್ಲಾಡಿಸಿದರು. ಬಾಯಿ ಸೊಟ್ಟ ಮಾಡಿಕೊಂಡು ಒದ್ದಾಡಿ, ಕೊನೆಗೆ "ಸ...ರ...ಕು" ಅಂದರು. ಇಪ್ಪತ್ತು ದಿನದಲ್ಲಿ ಮೊದಲ ಮಾತು ಅದು. ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಅಯ್ಯನವರು ಏನೂ ಆಗದವರ ಹಾಗೆ, "ಹಂಗಾರ ರಾಶಿ ಎಲ್ಲಿ ಬರ್ತದ?" ಅಂತ ಮುಂದಿನ ಬೆರಳು ಹಿಡಿದರು. ಎಲ್ಲ ಮುಗಿದ ಮೇಲೆ ಎರಡೇ ವಾಕ್ಯ ಪ್ರಾರ್ಥನೆ. ಅವರ ಪ್ರಾರ್ಥನೆ ಯಾವಾಗಲೂ ಚಿಕ್ಕದು.

ನನ್ನ ಮಾತಿಗೆ ನಾನು ಆರಿಸಿಕೊಂಡಿದ್ದು ಇದೊಂದೇ ಘಟನೆ. ನೀವೂ ಹಾಗೇ ಮಾಡಿ ಅಂತ ನನ್ನ ಸಲಹೆ. ಇಷ್ಟು ಸಾವಿರ ಪ್ರಸಂಗ ಮಾಡಿದರು, ಇಂಥ ಕಮಿಟಿಯಲ್ಲಿದ್ದರು, ಪ್ರೀತಿಯ ಮೂರ್ತಿಯಾಗಿದ್ದರು ಅನ್ನೋದನ್ನು ಬೇರೆಯವರು ಹೇಳೇ ಹೇಳುತ್ತಾರೆ. ನೀವು ಕಣ್ಣಾರೆ ಕಂಡದ್ದನ್ನು ಹೇಳಿ. ಅವರ ಹಟ, ಸಿಟ್ಟು ಇದ್ದರೆ ಅದನ್ನೂ ಹೇಳಿ. ನಮ್ಮ ಅಯ್ಯನವರಿಗೆ ಹೊತ್ತು ಮೀರಿದರೆ ಆಗುತ್ತಿರಲಿಲ್ಲ. ಮನೆ ಪ್ರಾರ್ಥನೆ ಏಳಕ್ಕೆ ಅಂದರೆ ಏಳಕ್ಕೇ. ಮನೆಯವರೇ ಇನ್ನೂ ಸ್ನಾನದ ಮನೆಯಲ್ಲಿದ್ದರೂ ಕೀರ್ತನೆ ಶುರು. ಇದನ್ನು ಹೇಳಿದಾಗ ಸಭೆ ಪೂರ್ತಿ ನಕ್ಕಿತು, ಮಗಳು ಎಲ್ಲರಿಗಿಂತ ಜಾಸ್ತಿ ನಕ್ಕರು.

ಇನ್ನೊಂದು ಹೇಳಬೇಕು. ಹೊಸ ವರ್ಷದಲ್ಲಿ ಮತ್ತೆ ನಮ್ಮನ್ನು ದೇವರಿಗೆ ಒಪ್ಪಿಸಿಕೊಳ್ಳುವ ಒಡಂಬಡಿಕೆಯ ಆರಾಧನೆ ನಡೆಯುತ್ತದಲ್ವಾ? ವೆಸ್ಲಿಯವರು 1755ರಲ್ಲಿ ಶುರು ಮಾಡಿದ್ದು. ಅದರಲ್ಲಿ, ದೇವರೇ ನನ್ನನ್ನು ನಿನ್ನ ಕೆಲಸಕ್ಕೆ ಹಚ್ಚು, ಇಲ್ಲವೇ ನಿನಗೋಸ್ಕರ ಬದಿಗಿಡು ಅನ್ನುವ ಅರ್ಥದ ಮಾತು ಬರುತ್ತದೆ. ನಮ್ಮ ಸಭಾಪಾಲಕರು ಪ್ರತಿ ವರ್ಷ ಆ ಪ್ರಾರ್ಥನೆ ನಡೆಸಲು ಅಯ್ಯನವರನ್ನೇ ಕರೆಯುತ್ತಿದ್ದರು. ಬದಿಗಿಡು ಅನ್ನುವ ಜಾಗದಲ್ಲಿ ಅವರು ನಿಲ್ಲುತ್ತಿದ್ದರು. ಬಹಳ ಹೊತ್ತು. ಒಮ್ಮೆ ನಾನು ಕೇಳಿದ್ದಕ್ಕೆ, "ಸೇವಾದಾಗ ಇದ್ದಾಗ ಆ ಮಾತು ಓಡಿಸಿಕೊಂಡು ಓದತಿದ್ದೆವ್ವ. ಈಗ ಓದಲಿಕ್ಕೆ ಕಲ್ತೀನಿ" ಅಂದರು.

ಈಗ ಮುಖ್ಯ ವಿಷಯ. ಅವರು ಪ್ರಭುವಿನಲ್ಲಿ ನಿದ್ರೆ ಹೋದ ಮೇಲೆ ಮಗಳು ಹಳೇ ಸಭೆಗಳಿಗೆಲ್ಲ ಫೋನ್ ಮಾಡಿದ್ದರು. ಕೂಟದ ದಿನ ರಾತ್ರಿ ಬಸ್ಸಲ್ಲಿ ಕೂತು ಜನ ಬಂದಿಳಿದರು. ಕೋಲಾರದ ಒಬ್ಬ ಹೆಂಗಸು, "ಇಲ್ಲೂ ಹಾರ್ಮೋನಿಯಂ ನುಡಿಸ್ತಿದ್ರಾ?" ಅಂತ ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಅವರು ನುಡಿಸುತ್ತಿದ್ದರು, ಹೆಂಡತಿ ಹಾಡುತ್ತಿದ್ದರು ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಆಮೇಲೆ ಬೀದರ್ ಕಡೆಯ ಒಬ್ಬ ಮುದುಕರು ಎದ್ದರು. 1972ರ ಬರದ ಮಾತು ತೆಗೆದರು. ಅಯ್ಯನವರು ಆಗ ಚಿಕ್ಕ ಪ್ರಾಯದವರು, ಒಂದು ಹಳ್ಳಿ ಸಭೆಯಲ್ಲಿದ್ದರಂತೆ. ಊರ ಬಾವಿಗಳೆಲ್ಲ ಬತ್ತಿ, ಚರ್ಚಿನ ಕಾಂಪೌಂಡಿನ ಬಾವಿಯಲ್ಲಿ ಮಾತ್ರ ಒಂದಿಷ್ಟು ನೀರು. ಆ ಊರಲ್ಲಿ ಯಾರು ಯಾವ ಬಾವಿ ಮುಟ್ಟಬೇಕು ಅಂತ ಕಟ್ಟುಪಾಡಿತ್ತು. ಮೇಲಿನ ಕೇರಿಯವರಿಗೆ ನೀರು ಬೇಕು, ಒಳಗೆ ಬಂದು ಕೇಳಲು ಸಂಕೋಚ. ಗೇಟಿನ ಹೊರಗೆ ಕೊಡ ಹಿಡಿದು ನಿಲ್ಲುತ್ತಿದ್ದರು. ಇವರು ಒಂದು ಬೆಳಗ್ಗೆ ಆ ಗೇಟನ್ನೇ ಕಿತ್ತು ಗೋಡೆಗೆ ಒರಗಿಸಿಟ್ಟರು. ಮಳೆ ಬರುವವರೆಗೂ ಎಲ್ಲ ಕೇರಿಯವರೂ ಒಂದೇ ಹಗ್ಗ ಹಿಡಿದು ನೀರು ಸೇದಿದರು. "ನಾ ಆಗ ಗೇಟಿನ ಹೊರಗ ನಿಂತಿದ್ದ ಹುಡುಗ್ರಿ" ಅಂದರು ಮುದುಕರು.

ನನಗೆ ಮೈ ಝುಂ ಅಂದಿತು. ಯಾಕೆ ಅಂದರೆ, ಪ್ರತಿ ಮಳೆಗಾಲದಲ್ಲೂ ಅಯ್ಯನವರದ್ದು ಒಂದು ಅಭ್ಯಾಸವಿತ್ತು. ಗಾಜನೂರಿನ ತುಂಗಾ ಅಣೆಕಟ್ಟಿನ ಗೇಟು ತೆಗೆದರು ಅಂತ ಗೊತ್ತಾದರೆ ಸಾಕು, ಕೊಡೆ ಹಿಡಿದು ಹೊರಡುತ್ತಿದ್ದರು. ಶಿವಮೊಗ್ಗದವರೆಲ್ಲ ತುಂಗೆಯ ಮಟ್ಟ ಅಳೆಯುವುದು ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ನೋಡಿ. ಮಂಟಪ ಮುಳುಗಿತು ಅಂದರೆ ಊರೇ ಹೊಳೆ ನೋಡಲು ಬರುತ್ತದೆ. ಆ ಗುಂಪಿನಲ್ಲಿ ಅಯ್ಯನವರು ಟೋಪಿ ತೆಗೆದು, ಅರ್ಧ ನೆನೆದುಕೊಂಡು, ಕೆಂಪು ನೀರನ್ನೇ ನೋಡುತ್ತಾ ನಿಂತಿರುತ್ತಿದ್ದರು. ಬಯಲುಸೀಮೆಯವರು, ಮಳೆ ಅಂದರೆ ಆಸೆ ಅಂತ ನಾವು ಅಂದುಕೊಂಡಿದ್ದೆವು. ಹದಿಮೂರು ವರ್ಷ ನೋಡಿದ್ದು, ಅರ್ಥವಾಗಿದ್ದು ಆ ಮುದುಕರ ಮಾತು ಕೇಳಿದ ಮೇಲೆ. ಬೀದರಿನವರಿಗೆ ತುಂಗೆಯ ವಿಷಯ ಗೊತ್ತಿರಲಿಲ್ಲ. ನಾನು ಎದ್ದು ಹೇಳಿದೆ. ಆ ಮುದುಕರು ಊಟ ಆದ ಮೇಲೆ, ಆ ಜಾಗ ತೋರಿಸವ್ವಾ ಅಂದರು. ಕರಕೊಂಡು ಹೋದೆ. ಅದು ಬೇಸಿಗೆ, ಮಂಟಪ ಪೂರ್ತಿ ಮೇಲಿತ್ತು. ಬಹಳ ಹೊತ್ತು ನಿಂತಿದ್ದರು.

ಹಾಗಾಗಿ ನಿಮ್ಮ ಹತ್ತು ನಿಮಿಷದ ಚಿಂತೆ ಬಿಡಿ, ಮೊದಲು ಫೋನ್ ಹಿಡಿಯಿರಿ. ಅವರು ಸೇವೆ ಮಾಡಿದ ಊರುಗಳ ಪಟ್ಟಿ ಮನೆಯವರ ಹತ್ತಿರ ಇರುತ್ತದೆ. ಎಲ್ಲಕ್ಕಿಂತ ಹಳೇ ಊರಿಂದ ಶುರು ಮಾಡಿ, ಅಲ್ಲಿ ಅವರನ್ನು ನೋಡಿದವರಿಗೆ ಈಗ ವಯಸ್ಸಾಗಿರುತ್ತದೆ. ನಿಮ್ಮಲ್ಲಿ ಹೇಗಿದ್ದರು ಅಂತ ಕೇಳಬೇಡಿ, ಒಳ್ಳೆಯವರು ಅಂದುಬಿಡುತ್ತಾರೆ. ನಿಮ್ಮ ಮನೆಗೆ ಬಂದಾಗ ಏನು ಮಾಡಿದರು ಅಂತ ಕೇಳಿ. ಬರಲು ಆಗದವರು ಇದ್ದರೆ ಅವರ ಮಾತನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ ಕಳಿಸಲಿ. ಕೂಟದಲ್ಲಿ ಮೈಕಿಗೆ ಹಿಡಿದರೆ ಎಲ್ಲರಿಗೂ ಕೇಳುತ್ತದೆ. ಕೂಟಕ್ಕೆ ಇನ್ನೂ ಹತ್ತು ದಿನ ಇದೆ ಅಂದಿದ್ದೀರಲ್ಲ, ಸಾಕಷ್ಟಾಯಿತು.