ಪ್ರತಿಕ್ರಿಯೆ: ಪ್ರಾಂಪ್ಟರ್ ಓದುವಾಗ ಕಣ್ಣು ಅತ್ತಿತ್ತ ಓಡುವುದಕ್ಕೆ

ಪ್ರಾಂಪ್ಟರ್ ಆಗಿ, ಅಂದರೆ ಹೇಳಬೇಕಾದ ಮಾತು ಸಾಲುಸಾಲಾಗಿ ಸರಿಯುವ ಪರದೆಯಾಗಿ, ನೀವಿಟ್ಟ ಟ್ಯಾಬ್ ತೀರಾ ಹತ್ತಿರ ಇದೆ, ಸಾಲೂ ಅಗಲ ಇದೆ. ನಿಮ್ಮ ಉಡುಪಿಯ ಯಕ್ಷಗಾನ ಪರಿಚಯದ ವಿಡಿಯೋದಲ್ಲಿ ಓದುತ್ತಿರುವುದು ಗೊತ್ತಾಗುತ್ತದೆ ಎಂದಿರಲ್ಲ, ಹೆಚ್ಚಾಗಿ ಕಾರಣ ಇದೇ.

ಮೊದಲು ಕ್ಯಾಮೆರಾ, ಟ್ಯಾಬ್ ಎರಡನ್ನೂ 2 ಮೀಟರ್ ದೂರ ಇಟ್ಟು ಜೂಮ್ ಮಾಡಿ. ಟ್ಯಾಬ್ ಪಕ್ಕಕ್ಕೆ ಬೇಡ, ಲೆನ್ಸ್‌ನ ಕೆಳಗೇ ತಾಗಿದ ಹಾಗೆ ಇರಲಿ. ಆಮೇಲೆ ಅಕ್ಷರ ದೊಡ್ಡದು ಮಾಡಿ, ಸಾಲಿಗೆ ಮೂರೇ ಪದ ಬರಲಿ. ಕನ್ನಡದ ಪದಗಳು ಉದ್ದ, ಅಲ್ವಾ? ಓದುವ ಸಾಲು ಪರದೆಯ ಮೇಲ್ತುದಿಯಲ್ಲೇ ಇರಬೇಕು. 1975 ಅಂತ ಇದ್ದರೆ ‘ಸಾವಿರದ ಒಂಬೈನೂರ ಎಪ್ಪತ್ತೈದು’ ಎಂದೇ ಬರೆದುಕೊಳ್ಳಿ. ಅಂಕಿ ಕಂಡಲ್ಲೇ ನಾಲಿಗೆ ತಡವರಿಸುವುದು ಜಾಸ್ತಿ.

ಕ್ಯಾಮೆರಾ ದೂರ ಹೋದರೆ ದನಿ ಗುಂಯ್ ಎನ್ನಬಹುದು, ಅದು ನಿಮ್ಮ ಕೋಣೆ ಹೇಗಿದೆ ಎಂಬುದರ ಮೇಲಿದೆ. ಹಾಗಾದರೆ ಕಾಲರ್ ಮೈಕ್ ಹಾಕಿಕೊಳ್ಳಿ.