ಪ್ರತಿಕ್ರಿಯೆ: ಬಡ್ಡಿ ಶೇ. 12 ಅಂದರು, ಲಕ್ಷಕ್ಕೆ ಕಂತು ₹5,167 ಹೇಗೆ?

ಅದು ಫ್ಲಾಟ್ ಬಡ್ಡಿ ಇರಬೇಕು. 24 ತಿಂಗಳಿಗೆ ಈ ಕಂತು ಅಂದರೆ, ಅಸಲು ಕರಗುತ್ತಾ ಬಂದರೂ ಕೊನೆಯವರೆಗೂ ಪೂರ್ತಿ ಲಕ್ಷದ ಮೇಲೇ ಬಡ್ಡಿ ಹಾಕಿದ್ದಾರೆ. ಉಳಿದ ಬಾಕಿಗೆ ಮಾತ್ರ ಲೆಕ್ಕ ಹಾಕಿದರೆ ದರ ಶೇ. 21.5 ದಾಟುತ್ತದೆ, ನಿಜಕ್ಕೂ ಶೇ. 12 ಆಗಿದ್ದರೆ ಕಂತು ₹4,707 ಅಷ್ಟೇ.

ಸಹಿಗೆ ಮೊದಲು ಕೆಎಫ್‌ಎಸ್ (ಸಾಲದ ಮುಖ್ಯ ವಿವರಗಳ) ಹಾಳೆಯನ್ನು ಕನ್ನಡದಲ್ಲೇ ಕೇಳಿ, ಸಾಲ ಕೊಡುವವರು ಕೊಡಲೇಬೇಕು. ಅದರಲ್ಲಿ ಎಪಿಆರ್ ನೋಡಿ: ಬಡ್ಡಿಯ ಜೊತೆ ಪ್ರೊಸೆಸಿಂಗ್ ಶುಲ್ಕ, ವಿಮೆ ಸೇರಿದ ವಾರ್ಷಿಕ ದರ ಅದು. (ವಿಮೆ ಹಣವನ್ನು ಸಾಲದಲ್ಲೇ ಮುರಿದುಕೊಳ್ಳುವುದು ಮಾಮೂಲು.) ಬೇಗ ತೀರಿಸಿದರೆ ದಂಡವೆಷ್ಟು ಅಂತಲೂ ಕೇಳಿ.

ಆ ಹಾಳೆ ಹಿಡಿದು ಹೊಸನಗರದ ಡಿಸಿಸಿ ಬ್ಯಾಂಕ್ ಶಾಖೆ, ನಿಮ್ಮೂರಿನ ಸಹಕಾರ ಸಂಘ ಎರಡರಲ್ಲೂ ವಿಚಾರಿಸಿ. ದರ ಸಂಘದಿಂದ ಸಂಘಕ್ಕೆ ಬೇರೆ. ಒಡವೆ ಇದ್ದರೆ ಚಿನ್ನದ ಸಾಲವೇ ಸಾಮಾನ್ಯವಾಗಿ ಅಗ್ಗ. ಅಡಿಕೆ ಸೊಸೈಟಿ ಸದಸ್ಯರಾಗಿದ್ದರೆ ದಾಸ್ತಾನಿನ ಮೇಲೂ ಸಾಲ ಕೇಳಿ ನೋಡಿ.