ಜನ ಬರಲ್ಲ ಅಂತ ಬೈಯುವ ಮೊದಲು ನಿಮ್ಮ ಮನವಿ ಪತ್ರ ತೆಗೆದು ಓದಿ

ಒಳಚರಂಡಿ ಛೇಂಬರ್ ತುಂಬಿ ಹರಿಯುತ್ತಿದೆ ಅಂತ ಧರಣಿ ಕರೆದಿರಿ. ವಾಟ್ಸ್ಯಾಪ್ ಗುಂಪಿನಲ್ಲಿ 412 ಜನ, ಬಂದವರು 11. ಹುಬ್ಬಳ್ಳಿ ಜನರಿಗೆ ಹೋರಾಟದ ಹುರುಪೇ ಹೋಗಿದೆಯಾ, ಇನ್ನು ಕೋರ್ಟಿಗೆ ಹೋಗಲಾ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. 11 ಜನ ಬಂದರಲ್ಲ, ಪುಣ್ಯವಂತರು ನೀವು. ನಮ್ಮ ಮೂರನೇ ಧರಣಿಯಲ್ಲಿ 9 ಜನ ಕೂತಿದ್ದೆವು, ಅದರಲ್ಲಿ ಒಬ್ಬ ಮೈಕ್‌ಸೆಟ್ ಹುಡುಗ.

ನಮ್ಮದು ಗದಗ ಜಿಲ್ಲೆಯ ಒಂದು ಸಣ್ಣ ಪಟ್ಟಣ. ನಳದ ನೀರು 12 ದಿನಕ್ಕೊಮ್ಮೆ, ಕೆಲವು ಸಲ 17 ದಿನಕ್ಕೊಮ್ಮೆ. ಯಾವ ದಿನ ಬರುತ್ತದೆ ಅನ್ನುವುದು ವಾಲ್ವ್ ತಿರುಗಿಸುವವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೊದಲ ಧರಣಿಗೆ 140 ಜನ ಬಂದರು, ಖಾಲಿ ಕೊಡ ಹಿಡಿದು, ಕೂಸುಗಳನ್ನು ಕಟ್ಟಿಕೊಂಡು. ಎರಡನೇ ಸಲ 43. ಮೂರನೇ ಸಲದ್ದು ಹೇಳಿದೆ. ಜನಕ್ಕೆ ಕಾಳಜಿಯೇ ಇಲ್ಲ ಅನ್ನುವುದು ನಿಜವಾಗಿದ್ದರೆ ಆ 140 ಜನ ಎಲ್ಲಿಂದ ಬಂದರು? ಅವರು ಬಂದು, ನೋಡಿ, ಲೆಕ್ಕ ಹಾಕಿ ಮನೆಗೆ ಹೋದವರು. ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ.

ನಾವು ಕೆಟ್ಟದ್ದು ಮನವಿ ಪತ್ರದಲ್ಲಿ. ಮೈಕ್ ಚೆನ್ನಾಗಿತ್ತು, ಭಾಷಣ ಚೆನ್ನಾಗಿತ್ತು, ಪತ್ರಿಕೆಯಲ್ಲಿ ಫೋಟೋ ಕೂಡ ಬಂತು. ಪತ್ರದಲ್ಲಿ ಮಾತ್ರ 11 ಬೇಡಿಕೆ. ಮೂರು ದಿನಕ್ಕೊಮ್ಮೆ ನೀರು, ಚರಂಡಿ, ಬೀದಿದೀಪ, ಆಸ್ಪತ್ರೆಗೆ ವೈದ್ಯರು, ಬಸ್ ನಿಲ್ದಾಣದ ಶೌಚಾಲಯ, ಹಂದಿ ಹಾವಳಿ, ಹೀಗೆ. ಮೇಲೆ ವಿಳಾಸ: ಸನ್ಮಾನ್ಯ ಮುಖ್ಯಮಂತ್ರಿಗಳಿಗೆ, ಮಾನ್ಯ ತಹಶೀಲ್ದಾರರ ಮುಖಾಂತರ. ಕೊನೆಗೆ: ಕೂಡಲೇ ಈಡೇರಿಸದಿದ್ದಲ್ಲಿ ಉಗ್ರ ಹೋರಾಟ ಹಮ್ಮಿಕೊಳ್ಳಲಾಗುವುದು.

ಆ ‘ಮುಖಾಂತರ’ ಅನ್ನುವ ಒಂದು ಶಬ್ದ ನಮ್ಮ ಎರಡು ವರ್ಷ ತಿಂದಿತು. ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮುಖಾಂತರ ಅಂತ ಬರೆದ ತಕ್ಷಣ ಪತ್ರ ತೆಗೆದುಕೊಂಡ ಅಧಿಕಾರಿ ಬರೀ ಟಪಾಲಿನವನಾಗುತ್ತಾನೆ. ಉತ್ತರ ಕೊಡುವ ಹೊಣೆ ಅವನದಲ್ಲ, ಮುಂದಕ್ಕೆ ಕಳಿಸಿದರೆ ಅವನ ಕೆಲಸ ಮುಗಿಯಿತು. ಮೇಲಿನ ಕಚೇರಿ ಅದನ್ನು ಇಲಾಖೆಗೆ ಕಳಿಸುತ್ತದೆ, ಇಲಾಖೆ ಜಿಲ್ಲೆಗೆ ಇಳಿಸುತ್ತದೆ, ಜಿಲ್ಲೆಯಿಂದ ಅದು ತಿರುಗಿ ನಮ್ಮೂರಿನ ಅದೇ ಕಚೇರಿಗೆ ಬರುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಂದೇ ಸಾಲು: ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ. ಪ್ರತಿ ಮೆಟ್ಟಿಲಲ್ಲೂ ಆ ಕಚೇರಿಯ ಲೆಕ್ಕದಲ್ಲಿ ಅರ್ಜಿ ವಿಲೇವಾರಿ ಆಯಿತು. ಯಾರೂ ಸುಳ್ಳು ಹೇಳಿಲ್ಲ, ಯಾರೂ ಏನೂ ಮಾಡಿಲ್ಲ. ಇನ್ನು 11 ಬೇಡಿಕೆ ಇದ್ದದ್ದರಿಂದ ಒಂದೇ ಪತ್ರ ನಾಲ್ಕು ಇಲಾಖೆಗೆ ಹಂಚಿಹೋಯಿತು. ಆಸ್ಪತ್ರೆಯವರು ಉತ್ತರ ಬರೆದರು: ವೈದ್ಯರ ಹುದ್ದೆ ಭರ್ತಿಗೆ ಪ್ರಸ್ತಾವನೆ ಸಲ್ಲಿಸಲಾಗಿದೆ. ಅದನ್ನೇ ಹಿಡಿದು ‘ನಿಮ್ಮ ಮನವಿಗೆ ಸ್ಪಂದಿಸಿದ್ದೇವಲ್ರೀ’ ಅಂದರು. ನೀರಿನ ಬಗ್ಗೆ ಒಂದಕ್ಷರ ಇಲ್ಲ.

ಆ ‘ಕೂಡಲೇ’ ಇನ್ನೊಂದು ಮೋಸ. ಕೂಡಲೇ ಅಂದರೆ ಯಾವ ತಾರೀಖು? ತಾರೀಖು ಇಲ್ಲದ ಬೇಡಿಕೆ ಎಂದೂ ಸೋಲುವುದಿಲ್ಲ, ಎಂದೂ ಗೆಲ್ಲುವುದೂ ಇಲ್ಲ. ಧರಣಿಯಿಂದ ಮನೆಗೆ ಹೋದ ಹೆಣ್ಣುಮಗಳಿಗೆ ಗಂಡ ‘ಏನಾತು?’ ಅಂತ ಕೇಳಿದರೆ ಅವಳ ಹತ್ತಿರ ಇದ್ದ ಉತ್ತರ ‘ಮನವಿ ಕೊಟ್ಟ ಬಂದ್ವಿ’. ಒಂದು ದಿನದ ಕೂಲಿ ಬಿಟ್ಟು ಬಂದವಳು ಈ ಉತ್ತರ ಎಷ್ಟು ಸಲ ಕೊಟ್ಟಾಳು? ಎರಡನೇ ಸಲ ಅವಳು ಬರಲಿಲ್ಲ. ನಾವು ಅದಕ್ಕೆ ನಿರಾಸಕ್ತಿ ಅಂತ ಹೆಸರಿಟ್ಟೆವು.

ನಾಲ್ಕನೇ ಸಲ ಒಂದೇ ಬೇಡಿಕೆ ಇಟ್ಟೆವು. ನೀರು ಹೆಚ್ಚು ಕೊಡಿ ಅಂತಲೂ ಕೇಳಲಿಲ್ಲ. ಯಾವ ಓಣಿಗೆ ಯಾವ ತಾರೀಖು ಎಷ್ಟು ಗಂಟೆಗೆ ನೀರು ಬಿಡುತ್ತೀರಿ ಅನ್ನುವ ಪಟ್ಟಿಯನ್ನು ಮುಂದಿನ ತಿಂಗಳ 1ನೇ ತಾರೀಖಿನೊಳಗೆ ಕಚೇರಿ ಗೋಡೆಗೆ ಅಂಟಿಸಿ, ಅಷ್ಟೇ. ವಿಳಾಸ ನೇರವಾಗಿ ನೀರು ಬಿಡುವ ಊರಾಡಳಿತದ ಮುಖ್ಯಾಧಿಕಾರಿಗೆ, ಯಾರ ಮುಖಾಂತರವೂ ಅಲ್ಲ. ದುಡ್ಡು ಬೇಡದ, ಟೆಂಡರ್ ಬೇಡದ, ಒಂದು ಸಹಿಯಲ್ಲಿ ಮುಗಿಯುವ ಕೆಲಸ. ಇಲ್ಲ ಅನ್ನಲು ಅವರಿಗೆ ಕಾರಣವೇ ಸಿಗಲಿಲ್ಲ. ಪಟ್ಟಿ ಬಂತು. ಪಟ್ಟಿ ಬಂದ ಮೇಲೆ ತಪ್ಪಿದ ದಿನಗಳು ಎದ್ದು ಕಾಣತೊಡಗಿದವು, ಮುಂದಿನ ಸಲ 90 ಜನ ಆ ತಪ್ಪಿದ ತಾರೀಖುಗಳನ್ನು ಬರೆದುಕೊಂಡು ಬಂದರು.

ನಿಮ್ಮ ಛೇಂಬರಿಗೂ ಇದೇ ದಾರಿ. ‘ಒಳಚರಂಡಿ ಸರಿಪಡಿಸಿ’ ಅಂತ ಬರೆಯಬೇಡಿ. ಇಂಥ ಅಡ್ಡರಸ್ತೆಯ ಇಂಥ ಮನೆ ಮುಂದಿನ ಛೇಂಬರಿನಿಂದ ಇಂಥ ಮೂಲೆಯ ಛೇಂಬರಿನವರೆಗೆ, ಇಂಥ ತಾರೀಖಿನೊಳಗೆ, ಜೆಟ್ಟಿಂಗ್ ಯಂತ್ರ (ನೀರನ್ನು ರಭಸದಿಂದ ಬಿಟ್ಟು ಕೊಳವೆ ತೊಳೆಯುವ ಯಂತ್ರ) ತಂದು ಕೊಳವೆ ತೆರವು ಮಾಡಿ ಅಂತ ಬರೆಯಿರಿ. ಒಂದು ಹಾಳೆ ಮೀರಬಾರದು. ವಿಳಾಸ ಮಹಾನಗರ ಪಾಲಿಕೆಯ ನಿಮ್ಮ ವಲಯ ಕಚೇರಿಯ ಸಹಾಯಕ ಆಯುಕ್ತರಿಗೆ. ಮೇಲಿನವರಿಗೆ ಬೇಕಾದರೆ ಪ್ರತಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್ವರ್ಡ್ ನಂಬರ್ (ಬಂದ ಪತ್ರಕ್ಕೆ ಕಚೇರಿ ಕೊಡುವ ಸಂಖ್ಯೆ) ಹಾಕಿಸಿಕೊಳ್ಳದೆ ಟಪಾಲು ಮೇಜಿನಿಂದ ಕದಲಬೇಡಿ. ‘ಸಾಹೇಬ್ರ ಕೈಗೆ ಕೊಟ್ಟೀವಿ’ ಅನ್ನುವುದಕ್ಕೆ ಬೆಲೆ ಇಲ್ಲ; ಸಾಹೇಬರ ಕೈಗೆ ಕೊಟ್ಟ ಪತ್ರ ಹೂವಿನ ಹಾರದ ಜೊತೆ ಮೇಜಿನ ಮೇಲೇ ಉಳಿಯುತ್ತದೆ.

ಸಹಿ ಸಂಗ್ರಹದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಮೊದಲ ಹಾಳೆಯಲ್ಲಷ್ಟೇ ಬೇಡಿಕೆ, ಉಳಿದ ಹಾಳೆಗಳಲ್ಲಿ ಬರೀ ಸಹಿ. ಪಿನ್ ಕಿತ್ತರೆ ಆ ಸಹಿಗಳು ಯಾವುದಕ್ಕೆ ಅನ್ನುವುದಕ್ಕೆ ಪುರಾವೆ ಇಲ್ಲ. ಪ್ರತಿ ಹಾಳೆಯ ನೆತ್ತಿಯ ಮೇಲೂ ಬೇಡಿಕೆಯ ಆ ಎರಡು ಸಾಲು ಇರಬೇಕು, ಸಹಿಯ ಪಕ್ಕದಲ್ಲಿ ಮನೆ ನಂಬರ್ ಇರಬೇಕು.

ಗಡುವು ದಾಟಿತೋ, ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಮಿತಿ. ಇದು ಗೊತ್ತಿಲ್ಲದೆ ಎರಡು ಪುಟ ಕಥೆ ಬರೆದು ವಾಪಸ್ ಪಡೆದವರು ಬಹಳ. ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ, ಕಾರಣ ಕೇಳಿದರೆ ಅದು ಮಾಹಿತಿಯಲ್ಲ ಅನ್ನುತ್ತಾರೆ. ಇಂಥ ಇನ್ವರ್ಡ್ ನಂಬರಿನ ಪತ್ರದ ಬಗ್ಗೆ ಅಧಿಕಾರಿಗಳು ಕಡತದಲ್ಲಿ ಬರೆದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ, ಯಂತ್ರದ ಲಾಗ್‌ಬುಕ್ಕಿನ ಇಂಥ ತಿಂಗಳ ಪ್ರತಿ ಕೊಡಿ ಅಂತ ಕೇಳಿ. 30 ದಿನ ಕಾಯಿರಿ. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಜನರನ್ನು ಕರೆಯುವ ವಿಷಯಕ್ಕೆ ಬಂದರೆ, ಗುಂಪಿಗೆ ಹಾಕಿದ ಸಂದೇಶ ಕರೆಯೇ ಅಲ್ಲ. ಅದು ಡಂಗುರ. ‘ಎಲ್ಲರೂ ಬನ್ನಿ’ ಅಂದರೆ ಪ್ರತಿಯೊಬ್ಬನಿಗೂ ಉಳಿದ 411 ಜನ ಹೋಗುತ್ತಾರೆ ಅನ್ನಿಸುತ್ತದೆ. 60 ಜನ ಬೇಕಿದ್ದರೆ ಓಣಿಗೊಬ್ಬರಂತೆ 12 ಜನ ಹುಡುಕಿ, ಒಬ್ಬೊಬ್ಬರಿಗೆ 10 ಮನೆ. ಸಂಜೆ 7ರ ಮೇಲೆ ಬಾಗಿಲಿಗೆ ಹೋಗಬೇಕು. ‘ಬರ್ತೇವ್ರೀ’ ಅಂದವರಲ್ಲಿ ಅರ್ಧ ಬಂದರೆ ದೊಡ್ಡದು, ಆ ಲೆಕ್ಕಕ್ಕೇ 120 ಮನೆ. ಬರುವವರಿಗೆ ಒಂದೊಂದು ಕೆಲಸ ಹೇಳಿ: ‘ಅಕ್ಕಾರ, ನೀವು ಸಹಿ ಹಾಳೆ ಹಿಡೀರಿ’, ‘ಕಾಕಾ, ನೀವು ಛೇಂಬರ್ ಫೋಟೋ ತರ್ರಿ’. ಕೆಲಸ ಇದ್ದವರು ತಪ್ಪಿಸಿಕೊಳ್ಳುವುದು ಕಡಿಮೆ.

ಇಡೀ ದಿನದ ಧರಣಿ ಯಾಕೆ ಇಡುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. 11ರಿಂದ 1ರವರೆಗೆ ಎರಡು ತಾಸು ಸಾಕು. ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿಗೇ ರಜೆ, ನಾವು ಒಮ್ಮೆ ಬೀಗದ ಮುಂದೆ ಘೋಷಣೆ ಕೂಗಿದವರು. ಸುತ್ತಲ ಹಳ್ಳಿಯವರು ಬೇಕಿದ್ದರೆ ಜೂನ್ ಬಿತ್ತನೆ, ಆಗಸ್ಟಿನ ಹೆಸರುಕಾಯಿ ಬಿಡಿಸುವ ವೇಳೆ ಬಿಡಿ. 15 ಅಡಿಗೆ 30 ಅಡಿಯ ಶಾಮಿಯಾನದಲ್ಲಿ 75 ಜನ ಆರಾಮ ಕೂರುತ್ತಾರೆ, ದೊಡ್ಡದು ಹಾಕಿಸಿದರೆ ಖಾಲಿ ಜಮಖಾನೆಯೇ ಫೋಟೋದಲ್ಲಿ ಬರುತ್ತದೆ. 20 ಲೀಟರಿನ ನೀರಿನ ಕ್ಯಾನ್ ಮೂರು.

ಠಾಣೆಗೆ ನಾಲ್ಕೈದು ದಿನ ಮೊದಲೇ ಪತ್ರ ಕೊಡಿ. ತಾರೀಖು, ವೇಳೆ, ಜಾಗ, ಅಂದಾಜು ಜನ, ಇಬ್ಬರು ಹೊಣೆಗಾರರ ಹೆಸರು, ಮೊಬೈಲ್. ಮೈಕಿನ ಅನುಮತಿಯನ್ನೂ ಬರೆದೇ ಕೇಳಿ. ಶಸ್ತ್ರವಿಲ್ಲದೆ ಶಾಂತಿಯಿಂದ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು, ಆದರೆ ಆ ದಿನ ನಿಷೇಧಾಜ್ಞೆ ಇದೆಯಾ ಅಂತ ಕೇಳಿಕೊಳ್ಳಿ. ಅದರ ಹಳೆಯ 144ನೇ ಕಲಂ ಈಗ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಚೆನ್ನಮ್ಮ ವೃತ್ತದಲ್ಲಿ ರಸ್ತೆ ತಡೆ ಮಾಡೋಣ ಅನ್ನುವ ಹುಡುಗರನ್ನು ಅಲ್ಲೇ ತಡೆಯಿರಿ. ಜನ ಹಿಂದೆ ಸರಿಯಲು ಕೇಸಿನ ಭಯ ದೊಡ್ಡ ಕಾರಣ. 2016ರ ಜುಲೈಯಲ್ಲಿ ಮಹದಾಯಿ ನದಿ ನೀರಿನ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಬೆನ್ನಲ್ಲೇ ನವಲಗುಂದದಲ್ಲಿ ಗಲಾಟೆ ಆಯಿತು, ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೊಡೆದರು. ಅದನ್ನು ನೋಡಿದ ತಾಯಂದಿರು ಮಗನನ್ನು ಧರಣಿಗೆ ಕಳಿಸಲು ಹಿಂಜರಿದರೆ ಅದಕ್ಕೆ ಉದಾಸೀನ ಅನ್ನಬೇಡಿ.

‘ಮೊದಲು ಜನ ಹಿಂಗ ಇರಲಿಲ್ಲ’ ಅನ್ನುವವರು ನರಗುಂದ, ನವಲಗುಂದದ ಹೆಸರು ಹೇಳುತ್ತಾರೆ. 1980ರ ಜುಲೈ 21ರ ಗೋಲಿಬಾರಿನಲ್ಲಿ ರೈತರು ಸತ್ತದ್ದು ಎಲ್ಲರಿಗೂ ನೆನಪಿದೆ. ಅಲ್ಲಿಗೆ ಜನ ಹೇಗೆ ಬಂದರು ಅನ್ನುವುದು ಮರೆತುಹೋಗಿದೆ. ಮಲಪ್ರಭೆ ಕಾಲುವೆಯ ಅಭಿವೃದ್ಧಿ ಕರ ಅವರವರ ಹೊಲದ ಮೇಲೇ ಬಿದ್ದಿತ್ತು. ಬೇಡಿಕೆಯನ್ನು ಯಾರೂ ವಿವರಿಸಬೇಕಿರಲಿಲ್ಲ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ನಡೆದ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ನನಗೆ ಇನ್ನೂ ಹೆಚ್ಚು ಹಿಡಿಸುತ್ತದೆ. ಊರಿನ ಸಾಮೂಹಿಕ ಭೂಮಿಯನ್ನು ನಾರಿನ ಕಾರ್ಖಾನೆಗಾಗಿ ನೀಲಗಿರಿ ಬೆಳೆಯಲು ಕೊಟ್ಟಿದ್ದರು. ಜನ ಹೋಗಿ ನೀಲಗಿರಿ ಸಸಿ ಕಿತ್ತರು, ಅದೇ ಜಾಗದಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. ಬಂದ ಪ್ರತಿಯೊಬ್ಬರ ಕೈಗೂ ಕೆಲಸ. ನೀಲಗಿರಿ ಬೆಳೆಸುತ್ತಿದ್ದ ಆ ಕಂಪನಿಯನ್ನೇ 1991ರಲ್ಲಿ ಮುಚ್ಚಿದರು. 2011ರಲ್ಲಿ ನಮ್ಮ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲೂ ಕೇಳಿದ್ದು ಒಂದೇ, ಪೋಸ್ಕೋ ಉಕ್ಕಿನ ಕಾರ್ಖಾನೆಗೆ ನಮ್ಮ ಹೊಲ ಬೇಡ. ಸರ್ಕಾರ ಕೈಬಿಟ್ಟಿತು.

ಕೋರ್ಟು? ಧಾರವಾಡದಲ್ಲಿ ಹೈಕೋರ್ಟ್ ಪೀಠವೇ ಇದೆ, ಹೋಗಬಹುದು. ಆದರೆ ವಕೀಲರು ಮೊದಲು ಕೇಳುವುದು ಸೀಲು ಬಿದ್ದ ಆ ಪ್ರತಿಯನ್ನೇ.

ಈಗ ಆ 11 ಜನರ ಮನೆಗೆ ಹೋಗಿ ಮಾತಾಡಿ. ಗುಂಪಿನಲ್ಲಿ ಉಳಿದವರನ್ನು ಬೈದು ಹಾಕಿದ ಸಂದೇಶ ಅಳಿಸಿ. ಮೈಕು, ಶಾಮಿಯಾನದ ಬಾಕಿ ಇದ್ದರೆ ಇವತ್ತೇ ತೀರಿಸಿ, ಎತ್ತಿದ ಚಂದಾ ಹಣದ ಲೆಕ್ಕವನ್ನು ರಸೀದಿ ಸಮೇತ ಓಣಿಯ ಕಟ್ಟೆಗೆ ಅಂಟಿಸಿ. ನಾವು ಅದನ್ನು ಎರಡು ತಿಂಗಳು ತಡ ಮಾಡಿದೆವು, 340 ರೂಪಾಯಿ ಉಳಿದಿದ್ದಕ್ಕೆ ಊರೆಲ್ಲ 34,000 ಅಂತ ಮಾತಾಡಿದರು.